ಏರಿದ ಸ್ವರ

"ವಾಚ್ ಕೊಡು. ಇಲ್ಲ ಅಂದ್ರೆ ಬೆರಳು ಕೊಡು," ಎಂದ ಮಾ.

ಮಾ ಅಂದರೆ ಮೀನು ಫಾರ್ಮಿನ ಧಣಿಯ ಆಳು. ನನ್ನ ಕೈ ಐಸ್ ಪೆಟ್ಟಿಗೆಯ ಮೇಲೆ. ಅವನ ಚಾಕು ನನ್ನ ಕೈಮೇಲೆ.

ಮಂಡಿ ಎತ್ತಿ ಗುದ್ದಿದೆ... ಓಡಿದೆ. ಕಿತ್ತಳೆ ತೋಟಗಳ ಕಲ್ಲುಗೋಡೆ ಸಂದಿಗೆ ನನ್ನ ಸ್ಕೂಟರ್ ನುಗ್ಗಿತು. ಅವನ ಜೀಪು ನುಗ್ಗಲಿಲ್ಲ.

ವಾಚು ಇನ್‌ಸುನ್‌ಳದು. ಜೇಜು ದ್ವೀಪದ ಕಡಲಲ್ಲಿ ಉಸಿರು ಕಟ್ಟಿ ಮುಳುಗಿ ಚಿಪ್ಪು ತರುತ್ತಿದ್ದವಳು. ಹೆಣವಾಗಿ ಸಿಕ್ಕಳು. ಬೇಕೆಂದೇ ಕೆಳಗೆ ಉಳಿದಳು ಎಂದರು ಪೊಲೀಸರು. ಕುರುಡ ಗಂಡನನ್ನು ಸಾಕಿ ಸಾಕಾಗಿತ್ತು ಎಂದು ಊರು ಸೇರಿಸಿತು.

ಗಂಡ ದೂಸಮ್ ಆ ವಾಚು ಕೊಟ್ಟು ನನಗೆ ಒಪ್ಪಿಸಿದ ಕೆಲಸ ಒಂದೇ. ಅವಳು ಮನೆಗೆ ಬರಲು ನೋಡಿದಳೇ, ಇಲ್ಲವೇ?

ವಾಚಿನಲ್ಲಿ ಅವಳು ಮುಳುಗಿದ ಆಳವೆಲ್ಲ ದಾಖಲಾಗಿತ್ತು. ಅಂಧರ ಶಾಲೆಯ ಟೀಚರ್ ಆ ಗ್ರಾಫನ್ನು ಸ್ವರವಾಗಿಸಿ ಕೊಟ್ಟಳು. ಅಂಕಿ ಹೆಚ್ಚಾದರೆ ಸ್ವರ ಏರುತ್ತದೆ. ಒಂದು ಪ್ರತಿ ವಕೀಲರಿಗೆ ಹೋಯಿತು. ಇನ್ನೊಂದರ ಕೊನೆಯ ತುಣುಕನ್ನು ದೂಸಮ್‌ನ ಮುಂದೆ ಹಾಕಿದೆ.

ಸ್ವರ ಇಳಿಯಿತು. ಗಕ್ಕನೆ ನಿಂತಿತು. ಏರಿತು. ಮತ್ತೆ ಇಳಿದು ಅದೇ ಕಡೆ ನಿಂತಿತು. ಮೂರನೇ ಸಲವೂ ಅಲ್ಲೇ. ಆಮೇಲೆ ನಿಧಾನವಾಗಿ ಏರಿ... ಏರಿ... ಸಣ್ಣ ಸಿಳ್ಳೆಯಾಗಿ ಉಳಿಯಿತು.

ದೂಸಮ್‌ನ ಮುಖ ಅರಳಿತು. ಮುಳುಗುವವರು ಮೇಲೆ ಬಂದೊಡನೆ ಸಿಳ್ಳೆ ಹಾಕಿ ಉಸಿರು ಬಿಡುತ್ತಾರೆ. ದಡದಲ್ಲಿ ಕೂತು ಆ ಸಿಳ್ಳೆಯಿಂದಲೇ ಅವನು ಹೆಂಡತಿಯನ್ನು ಗುರುತು ಹಿಡಿಯುತ್ತಿದ್ದ.

"ಮೇಲೆ ಬಂದ್ಲು ಕಣೋ. ಸಿಳ್ಳೆ ಹಾಕಿದಾಳೆ, ಕೇಳಿಸ್ತಾ?"

ಸುಳ್ಳು ಹೇಳಿ ಗುಟ್ಟು ಕೆದಕುವುದೇ ನನ್ನ ಹೊಟ್ಟೆಪಾಡು. ಈಗ ಒಂದೂ ಬಾಯಿಗೆ ಬರಲಿಲ್ಲ.

"ಚಿಕ್ಕಪ್ಪ... ಇದು ಆಳದ ಲೆಕ್ಕ. ಆಳಕ್ಕೆ ಹೋದಷ್ಟೂ ಸ್ವರ ಏರುತ್ತೆ."

ಅವನು ಅಲುಗಲಿಲ್ಲ. ಕೇಳಿದ್ದನ್ನೆಲ್ಲ ಒಳಗೊಳಗೇ ತಲೆಕೆಳಗು ಮಾಡಿಕೊಳ್ಳುತ್ತಿದ್ದ.

"ಹಂಗಾದ್ರೆ ಅದು ಇಳಿದಾಗೆಲ್ಲ..."

"ಮೇಲೆ ಬರ್ತಿದ್ಲು."

"ಒಂದೇ ಕಡೆ ನಿಂತ್ಲಲ್ಲ?"

"ಬಲೆ ಅಡ್ಡ ಇತ್ತು. ಫಾರ್ಮಿನ ಧಣಿ ಕದ್ದು ಕಟ್ಟಿಸಿದ್ದು."

 ಕಸುಬಿಗಾಗಿ ಜನರ ಮೈ ಒತ್ತಿ ಒತ್ತಿ ಗಟ್ಟಿಯಾದ ಹೆಬ್ಬೆರಳಿನಿಂದ ದೂಸಮ್ ಕಣ್ಣೊರೆಸಿಕೊಂಡ.

"ಮೂರು ಸಲ ಬಂದಿದಾಳೆ. ನಾನು ಬೇಡ ಆಗಿರ್ಲಿಲ್ಲ ಅವಳಿಗೆ."

ಹೊರಗೆಲ್ಲೋ ಜೀಪಿನ ಸದ್ದು. ಮಾ ನಮ್ಮನ್ನು ಹುಡುಕುತ್ತಿದ್ದ. ಹೊರಡೋಣ ಎಂದೆ. ದೂಸಮ್ ನನ್ನ ತೋಳು ಬಿಡಲಿಲ್ಲ.

"ಇನ್ನೊಂದ್ಸಲ ಹಾಕು. ಮೂರನೇ ಸಲ ಬರ್ತಾಳಲ್ಲ... ಅಲ್ಲಿಗೆ ನಿಲ್ಸು."

ಹಾಕಿದೆ. ಅಲ್ಲಿಗೇ ನಿಲ್ಲಿಸಿದೆ.

ಉಳಿದದ್ದನ್ನು ಕೋರ್ಟು ಕೇಳಿಸಿಕೊಳ್ಳಲಿ.