ಶರಭದ ಕಾಲ್ಚೀಲ

ಆ ಕಪ್ಪು ಉಣ್ಣೆಯನ್ನು ಮುಟ್ಟಬೇಡಿರೆಂದು, ಉಣ್ಣೆ ಕೊಳ್ಳಲು ಬಂದಿದ್ದ ಮಯೂರಿಗೆ ಸೋಮವ್ವ ಎರಡು ಸಲ ಹೇಳಿದಳು. ಕುರನೂರಿನ ಅವಳ ಕುರಿಹಟ್ಟಿಯ ಹಿಂದೆ, ಜಾಲಿ ಮರಕ್ಕೆ ಕಟ್ಟಿದ್ದ ಉಂಡೆ ಅದು. ಮೊಮ್ಮಗಳು ಕಾಜಲಳ ಕಾಲು ಸ್ವಾಧೀನ ತಪ್ಪಿದಾಗ ಕುರುಬರ ದೇವರು ಬೀರೋಬನ ಹೆಸರು ಹೇಳಿ, ಆ ಉಣ್ಣೆಯಿಂದ ನಿವಾಳಿಸಿ, ಅಲ್ಲಿ ಕಟ್ಟಿದ್ದರು. ಈಗ ಹುಡುಗಿ ಮರಿಗಳ ಹಿಂದೆ ಓಡಾಡುತ್ತಿದ್ದಳು.

“ಯಾರೋ ಮಾಟ ಮಾಡಿಸಿದ್ರು. ಅದನ್ನ ಈ ಉಣ್ಣ್ಯಾಗ ಇಳಿಸೀವ್ರಿ ಅಕ್ಕಾರ. ಗಾಳಿ ಬಿಸಲಿಗೆ ಅಲ್ಲೇ ಉದುರಿ ಹೋಗಬೇಕು.”

ಸೊಲ್ಲಾಪುರದ ಬಟ್ಟೆ ವ್ಯಾಪಾರಿಗಳ ಮಗಳು ಮಯೂರಿಗೆ ನಗು ಬಂತು. ಗಂಡಭೇರುಂಡ, ಮಕರ, ಯಾಳಿಗಳ ಚಿತ್ತಾರವಿರುವ ಕಾಲ್ಚೀಲ ಹೆಣೆದು ಮೊಬೈಲಿನಲ್ಲೇ ಮಾರುವವಳು ಅವಳು. ಅಷ್ಟು ಕಡುಗಪ್ಪು ಉಣ್ಣೆಯನ್ನು ಎಲ್ಲೂ ಕಂಡಿರಲಿಲ್ಲ. ಕಲಿತವರಿಗೆ ಹೇಳುವ ಬುದ್ಧಿ ಗೋರ್ಕಲ್ಲ ಮೇಲೆ ಮಳೆ ಸುರಿದಂತೆ. ಸೋಮವ್ವ ಚಹಾ ತರಲು ಒಳಗೆ ಹೋದಾಗ ಉಂಡೆ ಬಿಚ್ಚಿ ಚೀಲಕ್ಕೆ ಹಾಕಿಕೊಂಡಳು.

ಮೂರು ಸಲ ತೊಳೆದರೂ ಅದರಲ್ಲಿ ಲೋಬಾನದ ಹೊಗೆ, ಸುಟ್ಟ ಕೂದಲು, ಜ್ವರದ ಬೆವರು ನಾರುತ್ತಿತ್ತು. ಹೆಣೆಯುವಾಗ ಸೂಜಿಗಳು ಬೆಚ್ಚಗಾಗುತ್ತಿದ್ದವು. ಬಿಳಿಯ ಮೇಲೆ ಕಪ್ಪಾಗಿ ಶರಭ ಮೂಡಿತು: ಸಿಂಹದ ಮೈ, ಹಕ್ಕಿಯ ರೆಕ್ಕೆ, ಎಂಟು ಕಾಲು. ಉಗುರುಗಳನ್ನು ಅವಳು ಬಹಳ ಮುತುವರ್ಜಿಯಿಂದ ಹೆಣೆದಳು.

ತೊಡಿಸಿ ನೋಡಿದ್ದು ಅಣ್ಣ ಅವಿನಾಶನ ಮಗಳು, ನಾಲ್ಕು ವರ್ಷದ ಉಜ್ವಲಾಳಿಗೆ. ಮಗು ಎರಡು ಹೆಜ್ಜೆ ಕುಣಿಯಿತು. ಕುಸಿದು ಬಿತ್ತು. ಕಳಚಿ ನೋಡಿದರೆ ಒಂದೊಂದು ಪಾದದ ಸುತ್ತ ಎಂಟೆಂಟು ಕೆಂಪು ಗೀರು. ಡಾಕ್ಟರರಿಗೆ ಏನೂ ತಿಳಿಯಲಿಲ್ಲ. ಮಗು ಮತ್ತೆ ಎದ್ದು ನಿಲ್ಲಲಿಲ್ಲ. ಮಾಡಿದ್ದುಣ್ಣೋ ಮಹರಾಯ ಅನ್ನುತ್ತಾರೆ. ಇಲ್ಲಿ ಮಾಡಿದವಳು ಒಬ್ಬಳು, ಉಂಡದ್ದು ಕೂಸು. ಉಣ್ಣೆ ಕದ್ದು ತಂದದ್ದನ್ನು ಮಯೂರಿ ಮನೆಯಲ್ಲಿ ಯಾರಿಗೂ ಹೇಳಲಿಲ್ಲ.

ಮರುದಿನ ಕುರನೂರಿಗೆ ಓಡಿದಳು. ಸೋಮವ್ವ ಬೈಯಲಿಲ್ಲ. ಹೆಣಿಗೆ ಬಿಚ್ಚಿ ಉಣ್ಣೆಯನ್ನು ಮತ್ತೆ ಮರಕ್ಕೆ ಕಟ್ಟುತ್ತೇನೆ ಎಂದು ಮಯೂರಿ ಅಂದಾಗ, ಇನ್ನು ಆಗದು ಎಂದಳು.

“ಗಿಡದಾಗ ಅದು ಬರೇ ಉಣ್ಣೆ ಇತ್ತು. ನೀವು ಅದಕ್ಕ ಉಗುರು ಕೊಟ್ರಿ. ಒಬ್ಬರ ಕಾಲು ಬಿಡಬೇಕಂದ್ರ ಅದಕ್ಕ ಇನ್ನೊಬ್ಬರ ಕಾಲು ಬೇಕು. ಹೆಣೆದಾಕಿ ನೀವ. ನೀವ ಹಾಕ್ಕೋರಿ.”

ಮಯೂರಿ ಆಗಲಿ ಎಂದಳು. ನಿಜವಾಗಿಯೂ ಹಾಗೆಂದುಕೊಂಡೇ ಮನೆಗೆ ಬಂದಳು. ಮಟಮಟ ಮಧ್ಯಾಹ್ನ. ಬಾಗಿಲು ಹಾಕಿದಳು. ಕಿಟಕಿ ಮುಚ್ಚಿದಳು. ಕಾಲ್ಚೀಲವನ್ನು ಕಾಲ್ಬೆರಳಿನ ತುದಿಗೆ ಎಳೆದುಕೊಂಡಳು. ಬಿಸಿ. ಕತ್ತಲಲ್ಲಿ ರೆಕ್ಕೆ ಬಡಿದ ಸದ್ದು. ಏನೋ ಪಾದ ಮೂಸಿತು. ಉಗುರು ಊರಿತು. ಕಿತ್ತೆಸೆದಳು. ಆಗಲಿಲ್ಲ. ಅವಳಿಂದ ಆಗಲಿಲ್ಲ. ಪಕ್ಕದ ಕೋಣೆಯಿಂದ ಉಜ್ವಲಾ ಅತ್ತಿ, ಅತ್ತಿ ಎಂದು ಕರೆಯುತ್ತಿದ್ದಳು.

ಪುಣೆಯ ತಾಯಿಯೊಬ್ಬಳ ಆರ್ಡರ್ ಬಾಕಿಯಿತ್ತು. ಐದು ವರ್ಷದ ಮಗಳಿಗೆ ಬೇಕೆಂದಿದ್ದಳು. ಮಯೂರಿ ಅದೇ ಕಾಲ್ಚೀಲಗಳನ್ನು ಪೊಟ್ಟಣ ಕಟ್ಟಿ ಕೊರಿಯರಿಗೆ ಕೊಟ್ಟು ಬಂದಳು.

ಮೂರನೆಯ ದಿನ ಮಯೂರಿಯ ತಾಯಿ ಉಮಾಬಾಯಿಯ ಹರಕೆಯಂತೆ ಎಲ್ಲರೂ ಅಕ್ಕಲಕೋಟೆಯ ಸ್ವಾಮಿಗಳ ಗುಡಿಗೆ ಹೋದರು. ಗುಡಿಯ ಅಂಗಳದಲ್ಲಿ ಉಜ್ವಲಾ ಅಪ್ಪನ ತೋಳಿಂದ ಜಾರಿ ಓಡಿಯೇಬಿಟ್ಟಳು. ಸ್ವಾಮಿಗಳು ಕಣ್ಣು ತೆರೆದರೆಂದು ಉಮಾಬಾಯಿ ಅಳುತ್ತ ನೆಲಕ್ಕೆ ಹಣೆ ಹಚ್ಚಿದಳು.

ಮಯೂರಿಯ ಮೊಬೈಲು ನಡುಗಿತು. ಪುಣೆಯಿಂದ ಬಂದ ಫೋಟೊ: ಪುಟ್ಟ ಕಾಲುಗಳು, ಎರಡು ಶರಭ. ಮಗಳಿಗೆ ತುಂಬ ಇಷ್ಟವಾಗಿದೆ, ತೆಗೆಯಲು ಬಿಡುತ್ತಿಲ್ಲ ಎಂದು ಆ ತಾಯಿ ಬರೆದಿದ್ದಳು. ಈಗಲೇ ಕಿತ್ತು ಬಿಸಾಡಿ ಎಂದು ಮಯೂರಿ ಟೈಪು ಮಾಡಿದಳು. ಅಷ್ಟರಲ್ಲಿ ಉಜ್ವಲಾ ಓಡಿ ಬಂದು ಅವಳ ಮೊಣಕಾಲು ತಬ್ಬಿಕೊಂಡಳು. ಮಯೂರಿ ಬರೆದದ್ದನ್ನು ಅಳಿಸಿ, ಧನ್ಯವಾದ ಎಂದು ಕಳಿಸಿದಳು.