ಐದನೆಯ ಬೆಸುಗೆ

ಅಕ್ಕ ತೀರಿಕೊಂಡು ತಿಂಗಳಾಗಿರಲಿಲ್ಲ, ಬಾವ ಅವಳ ಎಲೆಕ್ಟ್ರಿಕ್ ಗಿಟಾರ್ ತಂದು ನನ್ನ ರಿಪೇರಿ ಮೇಜಿನ ಮೇಲೆ ಮಲಗಿಸಿದರು.

"ಈ ಸ್ವಿಚ್ಚಲ್ಲಿ ಮೂರೇ ಥರ ಟೋನ್ ಬರೋದು. ಐದು ಬರೋ ಹಾಗೆ ಮಾಡು, ಬೇಗ ಮಾರಿಹೋಗುತ್ತೆ."

ನನಗೆ ಮೈಯೆಲ್ಲ ಉರಿದುಹೋಯಿತು. ಯಾರೋ ಬಿಚ್ಚುವುದಕ್ಕಿಂತ ನಾನೇ ಬಿಚ್ಚುವುದು ವಾಸಿ ಎಂದು ಹಲ್ಲು ಕಚ್ಚಿ ಕೂತೆ.

ಒಳಗಿನ ಬೆಸುಗೆಗಳೆಲ್ಲ ಅಕ್ಕನವೇ, ಒಂದೊಂದೂ ಮಂಕು. ಕರಗಿದ ಸೀಸ ಆರುವ ಮೊದಲೇ ಉಫ್ ಎಂದು ಊದುವುದು ಅವಳ ಚಾಳಿ. "ಊದಬೇಡ ಅಕ್ಕ, ಬೆಸುಗೆ ಮಂಕಾಗಿ ಕೆಡುತ್ತೆ" ಎಂದು ಎಷ್ಟು ಬಾಯಿ ಬಡಿದುಕೊಂಡರೂ ನಗುತ್ತಿದ್ದಳು.

ಹಳೆಯದನ್ನು ಕಿತ್ತು, ಐದು ಜಾಗದ ಹೊಸ ಸ್ವಿಚ್ಚಿಗೆ ಮೊದಲ ತಂತಿ ಬೆಸೆದೆ. ಬೆಸುಗೆ ಕನ್ನಡಿಯಂತೆ ಹೊಳೆಯಿತು. ಮುಂದಿನ ತಂತಿ ಎತ್ತಿಕೊಳ್ಳುವಷ್ಟರಲ್ಲಿ ಮಂಕಾಗಿತ್ತು. ಕೆನ್ನೆಗೆ ಗಾಳಿ ಸೋಕಿದಂತಾಯಿತು. ಫ್ಯಾನ್ ಆರಿಸಿದೆ, ಕಿಟಕಿ ಮುಚ್ಚಿದೆ. ಮತ್ತೆ ಬೆಸೆದೆ, ಮತ್ತೆ ಮಂಕು.

"ಸತ್ತ ಮೇಲೂ ಮಾತು ಕೇಳಲ್ವಾ ನೀನು!" ಎಂದು ಕಿರುಚಿಬಿಟ್ಟೆ.

ನಾಲ್ಕು ಬೆಸುಗೆ ಮುಗಿಯುವ ಹೊತ್ತಿಗೆ ಬಾವ ಬಂದರು. "ಇರಿ, ಐದನೇದಕ್ಕೆ ಇನ್ನೂ ತಂತಿ ಹಾಕಿಲ್ಲ" ಎನ್ನುವುದರೊಳಗೆ ಗಿಟಾರನ್ನು ಆಂಪ್ಲಿಫೈಯರಿಗೆ ಜೋಡಿಸಿ, ಸ್ವಿಚ್ಚನ್ನು ಐದನೆಯ ಜಾಗಕ್ಕೆ ತಳ್ಳಿದರು.

ಸ್ಪೀಕರಿನಿಂದ ಉಫ್ ಎಂದು ಕೇಳಿಸಿತು.

ಬಾವ ಗಿಟಾರನ್ನು ಮೇಜಿನ ಮೇಲಿಟ್ಟು ಹೋದವರು ಮತ್ತೆ ಅದನ್ನು ಕೇಳಿಲ್ಲ. ಕೊಡುವವನೂ ನಾನಲ್ಲ. ಐದನೆಯದಕ್ಕೆ ಇವತ್ತಿಗೂ ನಾನು ತಂತಿ ಬೆಸೆದಿಲ್ಲ. ಆದರೂ ಆ ಜಾಗದಲ್ಲಿ ಒಂದು ಹನಿ ಸೀಸ ಕೂತಿದೆ, ಮಂಕಾಗಿ.