ಭಾನುವಿನ ಹೆಬ್ಬೆಟ್ಟು

ಮೆಷಿನ್ನುಗಳ ವಿಷಯ ಪೂರ್ತಿ ಬಲ್ಲವರು ಹೇಳಬೇಕಾದ ಕತೆ ಇದು. ಅರ್ಧಂಬರ್ಧ ತಿಳಿದವರು ಹೇಳಹೊರಟರೆ ಎಲ್ಲಾದರೂ ತಪ್ಪಾದೀತು. ಮನ್ನಿಸಬೇಕು, ಭಾನುವಿಗೆ ಆದದ್ದನ್ನು ಆದಷ್ಟೇ ಹೇಳುತ್ತೇನೆ.

"ಒರೆಸ್ಕೊಂಡು ಇನ್ನೊಂದ್ ಸಲ ಒತ್ತು ಪುಟ್ಟಿ."

ಭಾನುಪ್ರಿಯ ಹೆಬ್ಬೆರಳನ್ನು ಯೂನಿಫಾರ್ಮಿಗೆ ಒರೆಸಿ ಮತ್ತೆ ಒತ್ತಿದಳು. ಅಂಗೈಯಗಲದ ಕರಿ ಮೆಷಿನ್. ಗಾಜಿನ ಕೆಳಗೆ ಕೆಂಪು ಬೆಳಕು. ಶಾಲೆಯ ತಿರುವಿನಲ್ಲಿ, ಹೊಂಗೆಮರದ ಕೆಳಗೆ ಬೈಕು ನಿಲ್ಲಿಸಿಕೊಂಡಿದ್ದ ಆ ಅಂಕಲ್ಲಿನ ಕೊರಳಲ್ಲಿ ಐಡಿ ಕಾರ್ಡ್ ಇತ್ತು. ಆದರೆ ಅದು ಹಿಂದುಮುಂದಾಗಿ ನೇತಾಡುತ್ತಿತ್ತು.

"ಹ್ಞಾಂ, ಬಂತು. ಆಧಾರ್ ನಂಬರ್ ಗೊತ್ತಾ?"

ಭಾನು ಮಗ್ಗಿ ಒಪ್ಪಿಸುವ ಹಾಗೆ ಒಂದೇ ಉಸಿರಿಗೆ ಹೇಳಿದಳು. ಅವನು "ಭೇಷ್, ಇದು ಶಾಲೆ ಮಕ್ಕಳಿಗೆ ಫ್ರೀ" ಎಂದು ಜಾಮಿಟ್ರಿ ಬಾಕ್ಸ್ ಕೊಟ್ಟ.

ಪಕ್ಕದಲ್ಲಿದ್ದ ಗೆಳತಿ ಸುಹಾನಾಗೆ ತನ್ನ ನಂಬರ್ ಗೊತ್ತಿರಲಿಲ್ಲ. ಅವಳಿಗೆ ಬಾಕ್ಸ್ ಸಿಗಲಿಲ್ಲ.

"ನೀನ್ ಬಿಡಮ್ಮ, ಮನೆ ಯಜಮಾನಿ" ಎಂದು ಸುಹಾನಾ ದಾರಿಯುದ್ದಕ್ಕೂ ಮೂತಿ ಊದಿಸಿಕೊಂಡು ಬಂದಳು.

ಹಾಗೆ ಛೇಡಿಸಿದ್ದಕ್ಕೆ ಕಾರಣವಿತ್ತು. ಭಾನುವಿನ ಅವ್ವ ಮಾಯಮ್ಮನಿಗೆ ರಾಮನಗರದ ರೇಷ್ಮೆ ಶೆಡ್ಡಿನಲ್ಲಿ ನೂಲು ಬಿಚ್ಚುವ ಕೆಲಸ. ದಿನವೆಲ್ಲ ಬಿಸಿನೀರಿನ ತೊಟ್ಟಿಯಲ್ಲಿ ಕೈ. ಗೂಡುಗಳಿಂದ ಎಳೆ ಹುಡುಕಿ ಹುಡುಕಿ ಬೆರಳಿನ ಗೆರೆಗಳೇ ಸವೆದುಹೋಗಿದ್ದವು. ರೇಷನ್ ಅಂಗಡಿಯಲ್ಲಿ ಅವಳು ಎಷ್ಟು ಸಲ ಒತ್ತಿದರೂ ಮೆಷಿನ್ ಕುಂಯ್ ಎಂದು ಒಲ್ಲೆ ಅನ್ನುತ್ತಿತ್ತು. ಅಪ್ಪ ಬೆಳಕು ಹರಿಯುವ ಮೊದಲೇ ಬಿಡದಿಯ ಫ್ಯಾಕ್ಟರಿ ಬಸ್ಸು ಹತ್ತಿರುತ್ತಿದ್ದ.

"ಮಾಯಮ್ಮ, ನಿಂಗೆ ಬೆಟ್ಟೇ ಇಲ್ವಲ್ಲವ್ವ. ಮಗೀನ ಕರಿ" ಎನ್ನುತ್ತಿದ್ದರು ಅಂಗಡಿಯ ಚೆಲುವಯ್ಯ. ಭಾನು ಒತ್ತಿದರೆ ಒಂದೇ ಸಲಕ್ಕೆ ಹಸಿರು ದೀಪ. ಮನೆಗೆ ಅಕ್ಕಿ.

ಮರುದಿನ ಸುಮನಾ ಮಿಸ್ ಕ್ಲಾಸಿಗೆ ಬಂದವರು ಪುಸ್ತಕ ತೆರೆಯಲಿಲ್ಲ.

"ಯಾರೋ ಬೈಕಲ್ಲಿ ಬಂದು ಮಕ್ಕಳ ಹೆಬ್ಬೆಟ್ಟು ತಗೊಳ್ತಿದಾರಂತೆ. ಅವರನ್ನ ಶಾಲೆಯಿಂದ ಕಳಿಸಿಲ್ಲ. ಯಾರಾದ್ರೂ ಕೊಟ್ಟಿದೀರಾ?"

ಭಾನು ಡೆಸ್ಕಿನ ಕೆಳಗೆ ಹೆಬ್ಬೆರಳನ್ನು ಮುಷ್ಟಿಯೊಳಗೆ ಮಡಚಿಕೊಂಡಳು.

"ಕೊಟ್ರೆ ಏನಾಗುತ್ತೆ ಮಿಸ್?" ದೀಪು ಕೇಳಿದ.

"ನಿನ್ನ ಪಾಸ್‌ವರ್ಡ್ ಬೇರೆಯವರಿಗೆ ಗೊತ್ತಾದ್ರೆ ಏನ್ ಮಾಡ್ತೀಯ?"

"ಚೇಂಜ್ ಮಾಡ್ತೀನಿ."

"ಹೆಬ್ಬೆಟ್ಟನ್ನ?"

ದೀಪು ಯೋಚಿಸಿದ. "ಇನ್ನೂ ಒಂಬತ್ತು ಬೆರಳೈತೆ ಮಿಸ್. ಕಾಲಿಂದೂ ಸೇರಿಸ್ಕೊಂಡ್ರೆ..."

ಕ್ಲಾಸೆಲ್ಲ ನಕ್ಕಿತು. ಭಾನು ಮುಷ್ಟಿಯನ್ನು ಇನ್ನಷ್ಟು ಬಿಗಿದಳು.

"ಮಿಸ್‌ಗೆ ಹೇಳೇ" ಎಂದಳು ಸುಹಾನಾ, ಊಟದ ಹೊತ್ತಿನಲ್ಲಿ.

"ಬ್ಯಾಡ ಕಣೆ. ಅವ್ವಂಗೆ ಗೊತ್ತಾಗ್ತದೆ."

"ನಿನ್ ಬೆಟ್ಟೂ ಅವನತ್ರ ಐತೆ, ನಿನ್ ನಂಬರ್ರೂ ಐತೆ. ಇನ್ಮೇಲೆ ಎಲ್ಲಿಗ್ ಬೇಕಾದ್ರೂ ಹೋಗಿ ಅವನೇ ಭಾನುಪ್ರಿಯ ಅನ್ಬೋದು."

ಸಂಜೆ ಒಬ್ಬಳೇ ನಡೆದು ಬರುವಾಗ ಬೇಡವೆಂದರೂ ಎಲ್ಲ ಕಣ್ಣಿಗೆ ಕಟ್ಟುತ್ತಿತ್ತು. ಮಾಗಡಿಯ ಯಾವುದೋ ಅಂಗಡಿಯಲ್ಲಿ, ಕನಕಪುರದ ಯಾವುದೋ ಬ್ಯಾಂಕಿನಲ್ಲಿ, ಅವಳಿಲ್ಲದೆ ಅವಳ ಹೆಬ್ಬೆಟ್ಟು ಓಡಾಡುತ್ತಿದೆ. ರೇಷನ್ ಅಂಗಡಿಯಲ್ಲಿ ಅವಳು ಒತ್ತುವ ಮೊದಲೇ ಚೆಲುವಯ್ಯ "ನಿಮ್ದು ಆಗೋಯ್ತಲ್ಲ ಮಗ" ಎನ್ನುತ್ತಿದ್ದಾರೆ. ಅವ್ವ ಖಾಲಿ ಚೀಲ ಹಿಡಿದು ನಿಂತಿದ್ದಾಳೆ. ಬ್ಯಾಗಿನೊಳಗೆ ಜಾಮಿಟ್ರಿ ಬಾಕ್ಸ್ ಹೆಜ್ಜೆಹೆಜ್ಜೆಗೂ ಗಲಗಲ ಎನ್ನುತ್ತಿತ್ತು. ಹಿಂದೆ ಬೈಕಿನ ಸದ್ದಾಯಿತು. ಭಾನು ಓಡಿದಳು. ದಾಟಿ ಹೋದದ್ದು ಹಾಲಿನವನ ಬೈಕು.

ಓಡಿದವಳು ನೇರ ಶೆಡ್ಡಿಗೇ ಬಂದಳು. ಒಳಗೆ ಹಬೆ, ಬೆಂದ ಗೂಡಿನ ವಾಸನೆ. ಅವ್ವನ ಬೆರಳುಗಳು ನೀರಿನಲ್ಲಿ ಬೆಳ್ಳಗೆ ಸುಕ್ಕಾಗಿದ್ದವು. ಭಾನು ಅವನ್ನೇ ನೋಡುತ್ತ ನಿಂತಳು. ಅವ್ವನ ಗೆರೆ ಅಳಿಸಿದ ನೀರು ತನ್ನದನ್ನೂ ಅಳಿಸದೇ? ತನ್ನ ಬೆರಳಲ್ಲೇ ಗೆರೆ ಇಲ್ಲದಿದ್ದರೆ, ಆ ಅಂಕಲ್ಲಿನ ಹತ್ತಿರ ಇರುವುದು ಯಾರದ್ದೂ ಅಲ್ಲವಲ್ಲ.

ಅವ್ವ ಎಳೆ ಸಿಕ್ಕಿಸಲು ಆ ಕಡೆ ತಿರುಗಿದಳು. ಭಾನು ಕಣ್ಣು ಮುಚ್ಚಿ ಹೆಬ್ಬೆರಳನ್ನು ತೊಟ್ಟಿಗೆ ಇಳಿಸಿದಳು.

ಚುರ್ ಎಂದಿತು. ಅಷ್ಟರಲ್ಲಿ ಅವ್ವನ ಕೈ ಅವಳ ಮಣಿಕಟ್ಟನ್ನು ಹಿಡಿದು ಎಳೆದಿತ್ತು.

"ಏನೇ ಮಾಡ್ತಿದ್ದೀಯ? ಬೆಂದೋಗ್ತಿತ್ತಲ್ಲ ಬೆರಳು."

ಅವ್ವ ಅವಳ ಕೈಯನ್ನು ತಣ್ಣೀರಿನ ಬಕೆಟ್ಟಿನಲ್ಲಿ ಅದ್ದಿ ಹಿಡಿದಳು. ಭಾನು ಬಿಕ್ಕುತ್ತ ಎಲ್ಲ ಹೇಳಿದಳು. ಅವ್ವ ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು, ಅವಳ ಮುಖದಲ್ಲೂ ಹೆದರಿಕೆ ಇತ್ತು.

"ನಂದು ಒಂದಿನಕ್ಕೆ ಹೋಗಿದ್ದಲ್ಲ ಮಗ. ಯಾವಾಗ ಹೋಯ್ತೋ ನಂಗೇ ತಿಳೀನಿಲ್ಲ" ಎಂದಳು ಕೊನೆಗೆ. "ಈಗ ಎದುರಿಗೆ ನಿಂತಿದ್ರೂ ಆ ಮಿಷಿನ್ನು ನೀನು ಮಾಯಮ್ಮ ಅಲ್ಲ ಅಂತದೆ. ಯಾವನೋ ನಿನ್ನೆಸ್ರು ಹೇಳ್ಕೊಂಡು ತಿರಗ್ತಾನೆ ಅಂತ, ನೀನೇ ನೀನಲ್ಲ ಅನ್ನಿಸ್ಕತೀಯಾ?"

ಮರುದಿನ ಅಪ್ಪ ರಜ ಹಾಕಿದ. ಸುಮನಾ ಮಿಸ್ ಜೊತೆ ಪೊಲೀಸ್ ಸ್ಟೇಷನ್ನಿಗೆ ಹೋಗಿ ಜಾಮಿಟ್ರಿ ಬಾಕ್ಸ್ ಕೊಟ್ಟು ಬಂದ. ಆಮೇಲೆ ಭಾನುವನ್ನು ಆಧಾರ್ ಸೆಂಟರಿಗೆ ಕರೆದುಕೊಂಡು ಹೋದ. ಅಲ್ಲಿ ಕಂಪ್ಯೂಟರಿನ ಮುಂದಿದ್ದ ನವ್ಯಶ್ರೀ ಅಕ್ಕ ಏನೇನೋ ಒತ್ತಿದಳು.

"ಬೆರಳಿಗೆ ಲಾಕ್ ಹಾಕಿದೀನಿ ಅಣ್ಣ. ಇನ್ಮೇಲೆ ಯಾರು ಒತ್ತಿದ್ರೂ ನಡೆಯಲ್ಲ. ರೇಷನ್ ತಗೊಳ್ವಾಗ ಮಾತ್ರ ನಿಮ್ ಫೋನಲ್ಲಿ ತೆಗೀರಿ, ಆಮೇಲೆ ಮತ್ತೆ ಹಾಕಿ."

"ಅವನತ್ರ ಇರೋದು?" ಭಾನು ಕೇಳಿದಳು.

"ಅದನ್ನ ವಾಪಸ್ ತರಕ್ಕಾಗಲ್ಲ ಪುಟ್ಟ. ನಾವು ಬಾಗಿಲು ಮುಚ್ಕೋಬೋದು, ಅಷ್ಟೇ."

ರೇಷನ್ ದಿನ ಬಂತು. ಸಾಲಿನಲ್ಲಿ ನಿಂತೇ ಅವ್ವ ಬಿಡದಿಗೆ ಫೋನ್ ಮಾಡಿದಳು. "ತೆಗ್ದಿದ್ದೀನಿ, ಬಿರ್ರನೆ ಒತ್ಸು" ಎಂದ ಅಪ್ಪ.

ಭಾನು ಮುಷ್ಟಿ ಬಿಚ್ಚಲಿಲ್ಲ. "ಇದು ಯಾವ ಮಿಷಿನ್ನು ಮಾಮ? ರೇಷನ್ದೇನಾ?"

"ಅಲೆಲೆ, ಚೆಲುವಯ್ಯನ್ನೇ ವಿಚಾರಣೆ ಮಾಡ್ತಾಳೆ" ಎಂದು ಚೆಲುವಯ್ಯನವರೇ ನಕ್ಕರು. ಆದರೂ ಮೆಷಿನ್ನನ್ನು ಅವಳ ಕಡೆ ತಿರುಗಿಸಿದರು. ಭಾನು ಪರದೆಯ ಮೇಲಿದ್ದುದನ್ನು ನಿಧಾನವಾಗಿ ಓದಿದಳು. ಅವ್ವನ ಹೆಸರು. ಅಪ್ಪನ ಹೆಸರು. ತನ್ನ ಹೆಸರು. ಆಮೇಲೆ ಒತ್ತಿದಳು.

ಮೆಷಿನ್ ಸುಮ್ಮನಿತ್ತು. ಇನ್ನೂ ಸುಮ್ಮನಿತ್ತು. ಭಾನು ಬೆರಳು ತೆಗೆಯಲಿಲ್ಲ.

ಹಸಿರು ದೀಪ ಹತ್ತಿತು.

"ಅಪ್ಪಂಗೆ ಮತ್ತೆ ಬೀಗ ಹಾಕು ಅನ್ನವ್ವ" ಎಂದಳು, ಅಕ್ಕಿ ಚೀಲಕ್ಕೆ ಬೀಳುವ ಮೊದಲೇ.

ಮನೆಗೆ ನಡೆಯುವಾಗ ಅವಳು ಅವ್ವನ ಹೆಬ್ಬೆರಳನ್ನು ಹಿಡಿದುಕೊಂಡಳು. ನುಣ್ಣಗಿತ್ತು. ಯಾವ ಮೆಷಿನ್ನಿಗೂ ಗುರುತು ಸಿಗದ ಆ ಬೆರಳು ಭಾನುವಿಗೆ ಕಣ್ಣು ಮುಚ್ಚಿದರೂ ಗೊತ್ತಾಗುತ್ತಿತ್ತು. ಇನ್ನೊಂದು ಕೈಯ ಮುಷ್ಟಿಯನ್ನು ಮಾತ್ರ ಅವಳು ಮನೆ ಮುಟ್ಟುವವರೆಗೂ ಬಿಚ್ಚಲಿಲ್ಲ.

ಹೊಂಗೆಮರದ ಕೆಳಗೆ ಆ ಬೈಕು ಮತ್ತೆ ಬಂದಿಲ್ಲ. ಅವನು ಯಾರು, ಭಾನುವಿನ ಬೆರಳ ಗೆರೆಗಳು ಈಗ ಒಬ್ಬನ ಹತ್ತಿರ ಇವೆಯೋ, ಹಲವರ ಹತ್ತಿರವೋ, ನನಗೆ ತಿಳಿಯದು. ಪೊಲೀಸರಿಗೂ ಇನ್ನೂ ತಿಳಿದಿಲ್ಲ.